ಬಿಳಿ ವ್ಯಾನು ಬಿಟ್ಟು

ಏಪ್ರಿಲ್ 9

ಮಗಳೇ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಾನು ಇದ್ದೇನೆ.

ಐದು ತಿಂಗಳಿಂದ ನೀನು ಮಾಡಿದ ಫೋನ್ ಯಾವುದೂ ನನಗೆ ಬಂದಿಲ್ಲ. ಸಿಮ್ ತೆಗೆದುಬಿಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಆ ಫೋನ್ ರಿಂಗಾದಾಗಲೆಲ್ಲ ಎದ್ದು ಓಡಿದವನು. ಕೊನೆಕೊನೆಗೆ ರಿಂಗಾದರೆ ಕಾಲು ತಾನಾಗಿ ಚಪ್ಪಲಿಯೊಳಗೆ ಹೋಗುತ್ತಿತ್ತು, ಆಮೇಲೆ ಅಲ್ಲೇ ನಿಂತುಬಿಡುತ್ತಿದ್ದೆ. ಅದಕ್ಕೆ ತೆಗೆದೆ. ಬೇರೆ ಅರ್ಥ ಮಾಡಿಕೊಳ್ಳಬೇಡ.

ಆಂಬುಲೆನ್ಸ್ ಓಡಿಸುವುದನ್ನು ಬಿಟ್ಟೆ. ಕೇಳಿಕೊಂಡು ಅದೇ ಆಸ್ಪತ್ರೆಯ ಬಟ್ಟೆ ಕೋಣೆಗೆ ಬಂದಿದ್ದೇನೆ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಲಾಂಡ್ರಿಯಿಂದ ಬಂದದ್ದನ್ನು ಎಣಿಸಿ ಮಡಿಸುತ್ತೇನೆ, ವಾರ್ಡಿಗೆ ಹೋಗುವುದನ್ನು ಎಣಿಸಿ ಕೊಡುತ್ತೇನೆ. ಹರಿದದ್ದನ್ನು ಬೇರೆ ಇಡುತ್ತೇನೆ. ಇಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಬರೆಯುತ್ತಿರುವ ಕಾರಣ ಬೇರೆ. ಲಾಂಡ್ರಿಯ ಮೇಸ್ತ್ರಿ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಿದ್ದಾನೆ. ಗಾಡಿ ಪಂದ್ಯ. ಆಸ್ಪತ್ರೆಯ ವೈಫೈನಲ್ಲಿ ಊಟದ ಬಿಡುವಿನಲ್ಲಿ ಆಡುತ್ತೇನೆ. ನಗಬೇಡ. ಪ್ರತಿ ಪಂದ್ಯಕ್ಕೆ ಮೊದಲು ಮೂರನ್ನು ಆರಿಸಬೇಕು: ಓಡಿಸುವವರು ಯಾರು, ಗಾಡಿ ಯಾವುದು, ಗಾಡಿ ಬಂಡೆ ಮೇಲಿಂದ ಹಾರುವಾಗ ಬಿಚ್ಚಿಕೊಳ್ಳುವ ರೆಕ್ಕೆ ಯಾವುದು. ಒಂದೊಂದು ದಾರಿಗೆ ಒಂದೊಂದು ಹೊಂದುತ್ತದೆ. ಹೊಂದದಿದ್ದರೆ ಎಷ್ಟು ಚೆನ್ನಾಗಿ ಓಡಿಸಿದರೂ ಅಂಕ ಬೀಳುವುದಿಲ್ಲ. ಓಡಿಸುವುದು ಕೈಗೆ ಗೊತ್ತಿದೆ. ಆರಿಸುವುದು ಆಗುತ್ತಿಲ್ಲ. ಆ ಪರದೆ ಬಂದರೆ ನೋಡುತ್ತ ಕೂತುಬಿಡುತ್ತೇನೆ. ಬಿಡುವು ಮುಗಿದು ಗಂಟೆಯೂ ಹೊಡೆದುಬಿಡುತ್ತದೆ.

ಇಂಟರ್ನೆಟ್ಟಿನಲ್ಲಿ ಅದಕ್ಕೆಂದೇ ಒಂದು ಕ್ಯಾಲ್ಕುಲೇಟರ್ ಇದೆಯಂತೆ. ನಮ್ಮ ಹತ್ತಿರ ಇರುವುದನ್ನೆಲ್ಲ, ಯಾವುದು ಯಾವ ಮಟ್ಟದಲ್ಲಿದೆ ಎಂಬುದನ್ನು ತುಂಬಿ, ದಾರಿಯ ಹೆಸರು ಒತ್ತಿದರೆ ಯಾವ ಮೂರು ಸರಿ ಎಂದು ಅದೇ ಹೇಳುತ್ತದಂತೆ. ಅದು ಇಂಗ್ಲಿಷಿನಲ್ಲಿದೆ, ಅಕ್ಷರ ಇರುವೆಯಷ್ಟಿದೆ. ನಿನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತೀಯಾ?

ಓಡಿಸುವವರು: ಹೆಲ್ಮೆಟ್ ಕೋಳಿ (4), ಕುಳ್ಳ ಪೈಲ್ವಾನ (3), ಕನ್ನಡಕದ ಅಜ್ಜಿ (6). ಗಾಡಿ: ಸ್ನಾನದ ತೊಟ್ಟಿ (5), ಟ್ರ್ಯಾಕ್ಟರ್ (3), ಬೂಟುಗಾಡಿ (4). ರೆಕ್ಕೆ: ಛತ್ರಿ (5), ಗಾಳಿಪಟ (3), ಬಾಳೆಲೆ (1). ದಾರಿಗಳು: ಮರಳುಗಾಡು, ಬಂದರು, ಹಿಮದ ಸುರಂಗ.

ಅಪ್ಪ


ಏಪ್ರಿಲ್ 17

ಅಪ್ಪಾ,

ಕವರಿನ ಮೇಲೆ ನಿಮ್ಮ ಅಕ್ಷರ ನೋಡಿ ಕಾರ್ಖಾನೆಯ ಮೆಟ್ಟಿಲ ಮೇಲೇ ಕೂತು ಒಡೆದೆ. ಓದಿದ ಮೇಲೆ ಹಾಳೆ ತಿರುಗಿಸಿ ನೋಡಿದೆ, ಹಿಂದೆ ಇನ್ನೇನಾದರೂ ಬರೆದಿರಬಹುದು ಎಂದು. ಕೋಳಿ, ತೊಟ್ಟಿ, ಛತ್ರಿ. ಅಷ್ಟೇ ಇತ್ತು.

ಕ್ಯಾಲ್ಕುಲೇಟರ್ ಸಿಕ್ಕಿತು. ಯಾರೋ ಪುಣ್ಯಾತ್ಮರು ಕೂತು ಮಾಡಿದ್ದಾರೆ, ನೂರಾರು ಹೆಸರಿನ ಮುಂದೆ ಒಂದೊಂದು ಚೌಕ. ನಿಮ್ಮ ಹತ್ತಿರ ಇರುವುದಕ್ಕೆ ಗುರುತು ಹಾಕಿ ಮಟ್ಟ ತುಂಬಿದೆ. ಮರಳುಗಾಡಿಗೆ ಅಜ್ಜಿ, ಟ್ರ್ಯಾಕ್ಟರ್, ಛತ್ರಿ. ಬಂದರಿಗೆ ಕೋಳಿ, ತೊಟ್ಟಿ, ಗಾಳಿಪಟ. ಸುರಂಗಕ್ಕೆ ಪೈಲ್ವಾನ, ಬೂಟು, ಬಾಳೆಲೆ. ಅಜ್ಜಿಯ ಮಟ್ಟವನ್ನು ಇನ್ನು ಏರಿಸಬೇಡಿ, ಬಾಳೆಲೆಯನ್ನು ಏರಿಸಿ ಎಂದೂ ಅದು ಹೇಳುತ್ತದೆ. ಎರಡು ಸಲ ತಾಳೆ ನೋಡಿದ್ದೇನೆ. ಕನ್ನಡಕದ ಗಾಜು ಅರೆಯುವವಳಿಗೆ ಅದು ಅಭ್ಯಾಸ. ಇಲ್ಲಿ ಕಾಲು ಪಾಯಿಂಟ್ ತಪ್ಪಿದರೆ ಎಲ್ಲೋ ಯಾರಿಗೋ ತಲೆನೋವು.

ಅಮ್ಮ ಹೋದಾಗ ಮೂರನೇ ದಿನಕ್ಕೇ ನೀವು ಗಾಡಿ ಹತ್ತಿದ್ದಿರಿ. ಆಗ ನನಗೆ ತುಂಬ ಸಿಟ್ಟು ಬಂದಿತ್ತು. ಈಗ ನೀವು ಗಾಡಿ ಬಿಟ್ಟಿರಿ ಎಂದು ಓದಿದಾಗ ಏನೂ ಬರಲಿಲ್ಲ. ಹೋಗಿ ಯಂತ್ರದ ಮುಂದೆ ನಿಂತೆ.

ಊಟ ಮಾಡುತ್ತಿದ್ದೀರಾ?

ನಿಮ್ಮ ಮಗಳು


ಮೇ 2

ಮಗಳೇ,

ಒಂದೊಂದು ಗುಂಪಿನಲ್ಲಿ ಇಪ್ಪತ್ತು ಜನ ಆಡುತ್ತೇವೆ. ನಾನು ಹದಿನೇಳನೆಯವನಾಗಿದ್ದೆ. ನೀನು ಹೇಳಿದಂತೆ ಹಾಕಿದೆ, ನಾಲ್ಕನೆಯವನಾದೆ. ಮೇಸ್ತ್ರಿ ಬೆನ್ನು ತಟ್ಟಿದ. ಖುಷಿ ಆಯ್ತಾ ಎಂದು ಕೇಳಿದ. ಆಯ್ತು ಎಂದೆ.

ಆಡುವಾಗ ಬೇರೆ ಏನೂ ಇರುವುದಿಲ್ಲ, ಅದೊಂದು ಒಳ್ಳೆಯದು. ಅಜ್ಜಿ ಟ್ರ್ಯಾಕ್ಟರ್ ಓಡಿಸುತ್ತಾಳೆ, ಬೀಳುತ್ತಾಳೆ, ಮತ್ತೆ ಎದ್ದು ಓಡಿಸುತ್ತಾಳೆ. ಯಾರಿಗೂ ಏನೂ ಆಗುವುದಿಲ್ಲ.

ಹೊಸ ಪಟ್ಟಿ ಇನ್ನೊಂದು ಹಾಳೆಯಲ್ಲಿದೆ. ದಾರಿಗಳು ವಾರವಾರವೂ ಬದಲಾಗುತ್ತವೆ, ಆದರೆ ಐದು ವಾರಕ್ಕೊಮ್ಮೆ ಅವೇ ಮರಳುತ್ತವಂತೆ. ಐದಕ್ಕೂ ಒಟ್ಟಿಗೇ ನೋಡಿ ಕಳಿಸು, ಅಂಚೆಗೆ ಸಮಯ ಬೇಕಲ್ಲ.

ಊಟ ಮಾಡುತ್ತಿದ್ದೇನೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಏನು ಕೊಡುತ್ತಾರೋ ಅದು.

ಅಪ್ಪ


ಜೂನ್ 11

ಅಪ್ಪಾ,

ಐದೂ ವಾರದ ಪಟ್ಟಿ ಇದರೊಂದಿಗಿದೆ. ಆದರೆ ಒಂದು ಕಡೆ ನನ್ನಿಂದ ತಪ್ಪಾಗಿತ್ತು, ಅದನ್ನು ಹೇಳಬೇಕು.

ಮೊದಲ ಸಲ ಲೆಕ್ಕ ಹಾಕಿದಾಗ ಮೂರು ದಾರಿಗೆ ಬೇರೆ ಯಾವುದೋ ಗಾಡಿ ಬಂತು. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಹೇಗೆ ಬಂತು ಎಂದು ನೋಡಿದರೆ, ಆ ಚೌಕಕ್ಕೆ ನಾನೇ ಕೈತಪ್ಪಿ ಗುರುತು ಹಾಕಿದ್ದೆ. ಬಿಳಿ ವ್ಯಾನು. ಮೇಲೆ ದೀಪ, ಪಕ್ಕದಲ್ಲಿ ಕೆಂಪು ಪಟ್ಟಿ. ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು, ಐದನೇ ಹಂತ ದಾಟಿದ ಎಲ್ಲರಿಗೂ ಇದು ಪುಕ್ಕಟೆಯಾಗಿ ಸಿಗುತ್ತದೆ ಎಂದು. ನಿಮ್ಮ ಹೊಸ ಪಟ್ಟಿಯ ಪ್ರಕಾರ ನೀವು ಹನ್ನೊಂದನೇ ಹಂತದಲ್ಲಿದ್ದೀರಿ.

ಇದ್ದೂ ಬರೆಯಲಿಲ್ಲವೋ, ಮರೆತಿರೋ ಗೊತ್ತಿಲ್ಲ. ಗುರುತು ತೆಗೆದು ಮತ್ತೆ ಲೆಕ್ಕ ಹಾಕಿದ್ದೇನೆ. ಅಂಕ ಸ್ವಲ್ಪ ಕಡಿಮೆ ಬರುತ್ತದೆ. ಬೇಕಿದ್ದರೆ ಹೇಳಿ, ಸೇರಿಸುತ್ತೇನೆ.

ಇಲ್ಲಿ ಕೆಲಸ ಜಾಸ್ತಿ. ಅಂಚು ಕೊರೆಯುವ ಯಂತ್ರ ಕೆಟ್ಟು ನಾಲ್ಕು ದಿನ ಕೈಯಲ್ಲೇ ಉಜ್ಜಿದೆವು. ಬೆರಳ ತುದಿಗಳಿಗೆ ಈಗ ಏನೂ ಗೊತ್ತಾಗುವುದಿಲ್ಲ. ಚಹಾ ಲೋಟದ ಬಿಸಿ ಕೂಡ.

ನಿಮ್ಮ ಮಗಳು


ಜೂನ್ 20

ಮಗಳೇ,

ಇದೆ. ಸೇರಿಸಬೇಡ.

ಅಪ್ಪ


ಆಗಸ್ಟ್ 5

ಅಪ್ಪಾ,

ನಿಮ್ಮ ಎರಡು ಪದದ ಕಾಗದ ಬಂದು ಆರು ವಾರವಾಯಿತು. ನೀವೂ ಪಟ್ಟಿ ಕಳಿಸಲಿಲ್ಲ, ನಾನೂ ಬರೆಯಲಿಲ್ಲ. ನಾಲ್ಕು ಸಲ ಶುರುಮಾಡಿ ಹರಿದೆ. ಇದನ್ನು ಹರಿಯುವುದಿಲ್ಲ.

ಹೋದ ನವೆಂಬರಿನಲ್ಲಿ ನಾನು ಬಂದಾಗ, ನಿಮ್ಮ ಗಾಡಿಯಲ್ಲಾದ ಸಾವಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಣೆ ನಡೆಯುತ್ತಿತ್ತು. ನೀವು ಬೆಳಿಗ್ಗೆ ಹೋಗಿ ಅವರ ಪ್ರಶ್ನೆಗೆಲ್ಲ ಉತ್ತರ ಕೊಟ್ಟು, ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಿರಿ. ಐದು ದಿನ ನಾನು ಕಾದೆ. ನೀವಾಗಿ ಹೇಳುತ್ತೀರಿ ಎಂದು. ಆರನೇ ದಿನ ತಟ್ಟೆ ತೊಳೆಯುತ್ತ, ನಿಮ್ಮ ಮುಖ ಕೂಡ ನೋಡದೆ ಕೇಳಿಬಿಟ್ಟೆ, "ಅಪ್ಪಾ, ಹಳೇ ರಸ್ತೇಲಿ ಯಾಕೆ ಹೋಗ್ಲಿಲ್ಲ?"

ನೀವು ಎದ್ದು ಹೋಗಿ ನನ್ನ ಬಟ್ಟೆ ಚೀಲ ತಂದು ಬಾಗಿಲ ಬಳಿ ಇಟ್ಟಿರಿ. "ರಜೆ ಹಾಳು ಮಾಡ್ಕೋಬೇಡ, ಹೋಗು" ಅಂದಿರಿ.

ಆ ಪ್ರಶ್ನೆಯನ್ನು ಊರೆಲ್ಲ ಕೇಳುತ್ತಿತ್ತು. ನಾನು ಒಬ್ಬಳಾದರೂ ಕೇಳಬಾರದಿತ್ತು. ಬಸ್ಸಿನಲ್ಲಿ ಕೂತಾಗಲೇ ಗೊತ್ತಾಯಿತು. ಬಾಯಿಂದ ಬಿದ್ದ ಮಾತು, ಹೆಕ್ಕಿಕೊಳ್ಳಲು ಬರುವುದಿಲ್ಲ. ಆಮೇಲೆ ಮಾಡಿದ ಫೋನೆಲ್ಲ ಅದಕ್ಕೇ. ಕ್ಷಮಿಸಿ ಎಂದು ಹೇಳಲು.

ಪಟ್ಟಿ ಕಳಿಸಿ. ಕೋಳಿಯದ್ದಾದರೂ ಸರಿ.

ನಿಮ್ಮ ಮಗಳು


ಸೆಪ್ಟೆಂಬರ್ 14

ಮಗಳೇ,

ನಿನ್ನ ಮೇಲೆ ಸಿಟ್ಟಿಲ್ಲ. ಆಗಲೂ ಇರಲಿಲ್ಲ. ಸಿಟ್ಟು ಬರಲು ಒಳಗೆ ಏನಾದರೂ ಇರಬೇಕಲ್ಲ.

ಇದರೊಂದಿಗೆ ಇನ್ನೊಂದು ಕವರ್ ಇದೆ. ನಾನು ಒಡೆದಿಲ್ಲ. ಆಸ್ಪತ್ರೆಯ ವಿಳಾಸಕ್ಕೆ ನನ್ನ ಹೆಸರಿಗೆ ಬಂದಿತ್ತು, ಕಚೇರಿಯವರು ತಂದುಕೊಟ್ಟರು. ಕಳಿಸಿದವರ ಹೆಸರು ಹಿಂದೆ ಇದೆ. ಆ ದಿನ ನನ್ನ ಗಾಡಿಯಲ್ಲಿ ತೀರಿಕೊಂಡ ಹೆಂಗಸಿನ ಗಂಡ. ವಿಚಾರಣೆಯ ಕಾಗದಗಳಲ್ಲಿ ಆ ಹೆಸರು ನೋಡಿದ್ದೆ.

ಹನ್ನೆರಡು ದಿನ ಕಪಾಟಿನಲ್ಲಿ ದಿಂಬಿನ ಚೀಲಗಳ ಕೆಳಗೆ ಇಟ್ಟಿದ್ದೆ. ಒಡೆಯುವುದೋ, ಹಾಗೇ ವಾಪಸ್ ಕಳಿಸುವುದೋ, ಸುಟ್ಟುಹಾಕುವುದೋ. ಪ್ರತಿದಿನ ಚೀಲಗಳನ್ನು ಎತ್ತಿ ನೋಡಿ ಮತ್ತೆ ಇಡುತ್ತಿದ್ದೆ. ಇವತ್ತು ನಿನಗೆ ಕಳಿಸೋಣ ಅನ್ನಿಸಿತು. ಆಟಕ್ಕೆ ಯಾವುದು ಹಾಕಬೇಕೆಂದು ಹೇಳಿದ ಹಾಗೆ ಇದಕ್ಕೂ ನೀನೇ ಹೇಳು. ಭಾರ ಹೊರಿಸುತ್ತಿದ್ದೇನೆ ಎಂದು ಗೊತ್ತಿದೆ.

ಪಟ್ಟಿ ಈ ಸಲ ಚಿಕ್ಕದು. ಬಾಳೆಲೆ ಮೂರನೇ ಮಟ್ಟಕ್ಕೆ ಬಂತು.

ಅಪ್ಪ


ಸೆಪ್ಟೆಂಬರ್ 25

ಅಪ್ಪಾ,

ಒಡೆದೆ. ಓದಿದೆ. ನೀವು ಹೆದರಿದ್ದು ಅದರಲ್ಲಿಲ್ಲ.

ಅವರು ಲಿಫ್ಟ್ ರಿಪೇರಿ ಮಾಡುವವರಂತೆ. ಆ ದಿನ ಬೇರೆ ಊರಿನಲ್ಲಿ ಕೆಲಸದ ಮೇಲಿದ್ದರು. ಸುದ್ದಿ ಸಿಕ್ಕಿ ಆಸ್ಪತ್ರೆಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಕ್ಷರ ದಪ್ಪ, ತಪ್ಪುಗಳಿವೆ. ಮುಖ್ಯವಾದ ಭಾಗವನ್ನು ಹಾಗೇ ಇಳಿಸುತ್ತೇನೆ:

"ಯಾವ ರಸ್ತೇಲಿ ಹೋದ್ರಿ ಅಂತ ಕೇಳಕ್ಕೆ ಬರೀತಿಲ್ಲ. ಅದು ವಿಚಾರಣೆ ವರದೀಲಿ ಓದಿದೀನಿ. ನಿಮ್ಮ ತಪ್ಪಿಲ್ಲ ಅಂತ ಬರೆದಿದಾರೆ, ಇರಬಹುದು. ಹಿಂದೆ ಕೂತಿದ್ದ ನರ್ಸನ್ನ ಹುಡುಕ್ದೆ, ಅವರು ಊರು ಬಿಟ್ಟು ಹೋಗಿದಾರೆ. ಇನ್ನು ನೀವೊಬ್ರೇ. ನಮ್ಮನೆಯವಳು ಏನಾದ್ರೂ ಮಾತಾಡಿದ್ಲಾ? ಎಚ್ಚರ ಇತ್ತಾ? ಅಷ್ಟು ಹೇಳಿದ್ರೆ ಸಾಕು. ಹತ್ತು ತಿಂಗಳಿಂದ ಅದೊಂದೇ ತಲೇಲಿ."

ಕೆಳಗೆ ಮನೆಯ ವಿಳಾಸ ಕೊಟ್ಟಿದ್ದಾರೆ. ನಿಮ್ಮ ಆಸ್ಪತ್ರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ.

ಏನು ಮಾಡಬೇಕೆಂದು ನಾನು ಹೇಳುವ ಮೊದಲು ಒಂದು ಕೇಳುತ್ತೇನೆ. ಈ ಸಲ ತಟ್ಟೆ ತೊಳೆಯುತ್ತ ಅಲ್ಲ. ಎದುರಿಗೆ ಕೂತು ಕೇಳಿದ ಹಾಗೆ ಅಂದುಕೊಳ್ಳಿ. ಆಕೆ ಏನಾದರೂ ಹೇಳಿದರಾ?

ಪಟ್ಟಿಯ ಉತ್ತರ ಬೇರೆ ಹಾಳೆಯಲ್ಲಿದೆ.

ನಿಮ್ಮ ಮಗಳು


ಅಕ್ಟೋಬರ್ 30

ಮಗಳೇ,

ಹೇಳಿದರು.

ಯಾರಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ಆಕೆ ಏಣಿಯಿಂದ ಬಿದ್ದಿದ್ದರು. ಪಕ್ಕೆಲುಬು ಮುರಿದಿತ್ತು, ಒಳಗೆ ರಕ್ತ ಸೋರುತ್ತಿತ್ತು. ಅದು ಆಮೇಲೆ ಗೊತ್ತಾದದ್ದು. ಆಗ ನಮಗೆ ಗೊತ್ತಿದ್ದದ್ದು ನೋವು ಮಾತ್ರ. ಅವರ ಮನೆಯಿಂದ ಆಸ್ಪತ್ರೆಗೆ ಎರಡು ದಾರಿ. ಹಳೇ ರಸ್ತೆ ಹನ್ನೊಂದು ನಿಮಿಷ, ಗುಂಡಿಗಳೇ ಗುಂಡಿಗಳು. ಸೇತುವೆ ರಸ್ತೆ ಹದಿನೆಂಟು ನಿಮಿಷ, ಅಂಗೈಯಂತೆ ನುಣುಪು.

ನಾನು ಹಳೇ ರಸ್ತೆಗೇ ತಿರುಗಿಸಿದ್ದೆ. ಮೊದಲ ಎರಡು ಗುಂಡಿಗೆ ಆಕೆ ಕೂಗಿಕೊಂಡರು. ಅಂಥ ಕೂಗು ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ, ಮಗಳೇ. ನರ್ಸು ಆಸ್ಪತ್ರೆಯೊಂದಿಗೆ ಫೋನಿನಲ್ಲಿದ್ದಳು. ನನ್ನ ಬೆನ್ನ ಹಿಂದಿನ ಸಣ್ಣ ಕಿಟಕಿಗೆ ಆಕೆ ಕೈ ಚಾಚಿ ಬೆರಳು ಸಿಕ್ಕಿಸಿದರು. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಕುಲುಕಬೇಡಿ. ತಡ್ಕೊಳಕ್ಕಾಗ್ತಿಲ್ಲ" ಅಂದರು.

ಸೇತುವೆಗೆ ತಿರುಗುವ ಅಡ್ಡರಸ್ತೆ ಅಲ್ಲೇ ಇತ್ತು. ತಿರುಗಿಸಿದೆ. ಯೋಚಿಸಲಿಲ್ಲ. ನುಣುಪು ರಸ್ತೆಗೆ ಬಂದ ಮೇಲೆ ಕೂಗು ನಿಂತಿತು. ಸ್ವಲ್ಪ ದೂರ ಹೋದ ಮೇಲೆ, "ಈಗ ಪರವಾಗಿಲ್ಲ" ಅಂದರು. ಬೆರಳುಗಳು ಕಿಟಕಿಯಿಂದ ಹೋದವು. ಆಸ್ಪತ್ರೆಯ ಗೇಟು ಕಾಣುವಾಗ ನರ್ಸು ನನ್ನ ಭುಜ ಮುಟ್ಟಿದಳು.

ಏಳು ನಿಮಿಷ. ಡಾಕ್ಟರನ್ನು ಕೇಳಿದೆ, ಬೇಗ ಬಂದಿದ್ದರೆ ಉಳಿಯುತ್ತಿದ್ದರಾ ಎಂದು. ಹೇಳಲು ಬರುವುದಿಲ್ಲ ಅಂದರು.

ವಿಚಾರಣೆಯಲ್ಲಿ, ಹಳೇ ರಸ್ತೆಯಲ್ಲಿ ಗುಂಡಿ ಹೆಚ್ಚು, ಅದಕ್ಕೆ ಬಿಟ್ಟೆ ಎಂದೆ. ದಾರಿ ಚಾಲಕನ ವಿವೇಚನೆಗೆ ಬಿಟ್ಟದ್ದು ಎಂದು ನಿಯಮ ಇದೆ, ಅಷ್ಟಕ್ಕೆ ಮುಗಿಸಿದರು. ಆಕೆ ಬೇಡಿಕೊಂಡರು ಎಂದು ಹೇಳಲಿಲ್ಲ. ಹೇಳಿದ್ದರೆ ಸತ್ತವರ ತಲೆಗೆ ಕಟ್ಟಿದ ಹಾಗಾಗುತ್ತಿತ್ತು. ನರ್ಸೂ ಹೇಳಲಿಲ್ಲ. ನನ್ನ ಮುಖ ನೋಡಿ ಸುಮ್ಮನಾದಳು.

ನೀನು ಕೇಳಿದಾಗಲೂ ಇದೇ ಗಂಟಲಿನಲ್ಲಿತ್ತು. ಹೇಳಿದ್ದರೆ ನೀನು, ಅಪ್ಪನದ್ದು ಸರಿ ಎಂದು ಸಮಾಧಾನ ಮಾಡುತ್ತಿದ್ದೆ. ಅದು ನನಗೆ ಬೇಡವಾಗಿತ್ತು.

ಈಗ ಹೇಳು. ಅವರ ಗಂಡನಿಗೆ ಇದನ್ನು ಹೇಳಬೇಕಾ, ಬೇಡವಾ? ಆಕೆ ಕೊನೆಗೆ ಪರವಾಗಿಲ್ಲ ಅಂದರು ಎಂದಷ್ಟೇ ಹೇಳಿ ಬಂದರೆ ಅವರಿಗೆ ನೆಮ್ಮದಿ. ಪೂರ್ತಿ ಹೇಳಿದರೆ ಏಳು ನಿಮಿಷ ಅವರ ಮನೆಗೂ ಹೋಗುತ್ತದೆ.

ಅಪ್ಪ


ನವೆಂಬರ್ 8

ಅಪ್ಪಾ,

ನಿಮಗೆ ಸಮಾಧಾನ ಹೇಳುವುದಿಲ್ಲ. ನೀವು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ಜಾಗದಲ್ಲಿ ಅಮ್ಮ ಇದ್ದಿದ್ದರೆ, ಅವಳು ಕೂಗುವುದು ಬೇಡ ಎಂದೂ ಅನ್ನಿಸುತ್ತಿತ್ತು, ಏನೇ ಆಗಲಿ ಬೇಗ ಮುಟ್ಟಿಸಿ ಎಂದೂ ಅನ್ನಿಸುತ್ತಿತ್ತು. ಎರಡು ದಿನದಿಂದ ಯಂತ್ರದ ಮುಂದೆ ಇದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಒಂದು ಜೊತೆ ಗಾಜು ಹಾಳು ಮಾಡಿದೆ.

ಹೇಳಬೇಕಾ ಬೇಡವಾ ಎಂಬುದನ್ನೂ ನಾನು ಹೇಳುವುದಿಲ್ಲ. ಕೋಳಿ, ತೊಟ್ಟಿ, ಛತ್ರಿ ಎಷ್ಟು ಬೇಕಾದರೂ ಹೇಳುತ್ತೇನೆ. ಇದನ್ನು ನಾನು ಆರಿಸಿಕೊಟ್ಟರೆ ನಾಳೆ ನೀವು, ಮಗಳು ಹೇಳಿದಳು, ಹೋದೆ ಅನ್ನುತ್ತೀರಿ. ಆಗ ನೀವು ಹೋದ ಹಾಗಾಗುವುದಿಲ್ಲ.

ಒಂದು ಮಾತ್ರ ಹೇಳುತ್ತೇನೆ. ಅವರು ಕಾಯುತ್ತಿದ್ದಾರೆ. ಅವರ ಕಾಗದವನ್ನು ಇದರೊಂದಿಗೆ ನಿಮಗೇ ವಾಪಸ್ ಕಳಿಸಿದ್ದೇನೆ, ನೀವೇ ಓದಿ. ಜೊತೆಗೆ ಬರಬೇಕೆಂದರೆ ಬರುತ್ತೇನೆ. ಬೀದಿಯಲ್ಲಿ ನಿಂತಿರುತ್ತೇನೆ, ಒಳಗೆ ಬರುವುದಿಲ್ಲ.

ನಿಮ್ಮ ಮಗಳು


ಡಿಸೆಂಬರ್ 12

ಮಗಳೇ,

ನೀನು ಹಾಗೆ ಬರೆದದ್ದಕ್ಕೆ ಮೊದಲು ಬೇಸರವಾಯಿತು. ಎರಡು ವಾರ ಆಟವನ್ನೂ ತೆಗೆಯಲಿಲ್ಲ. ಆಮೇಲೆ ಒಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಹೊರಡುತ್ತಿದ್ದೆ, ನೀನು ಬರುವವರೆಗೆ ಎಂದು ನಾನು ಕಾಯುತ್ತಿದ್ದೆ, ಆಮೇಲೆ ಹೋಗುತ್ತಿರಲಿಲ್ಲ.

ಮೂರನೇ ಮಹಡಿ. ಬಾಗಿಲು ತೆಗೆದವರು ನನಗಿಂತ ಹತ್ತು ವರ್ಷ ಚಿಕ್ಕವರು. ಯಾರೆಂದು ಹೇಳಿದೆ. ಒಳಗೆ ಬನ್ನಿ ಎಂದರು. ಮೇಜಿನ ಮೇಲೆ ಬಟ್ಟೆ ಹಾಸಿ ಏನೋ ಬಿಚ್ಚಿಟ್ಟಿದ್ದರು, ಸಣ್ಣ ಹಲ್ಲಿನ ಚಕ್ರಗಳು. ಒಂದು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಕೂರಿಸಿದರು. ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು, ಅದು ನಿಂತ ಮೇಲೆ ಶುರುಮಾಡಿದೆ.

ಪೂರ್ತಿ ಹೇಳಿದೆ. ನಿನಗೆ ಬರೆದ ಹಾಗೇ, ಅದೇ ಕ್ರಮದಲ್ಲಿ. ಅರ್ಧ ಹೇಳಿ ಬರೋಣ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಅದು ಕದ್ದ ಹಾಗೆ ಅನ್ನಿಸಿತು. ಅವರು ಒಂದು ಚಕ್ರವನ್ನು ಬೆರಳಲ್ಲಿ ಹಿಡಿದುಕೊಂಡು ಕೇಳುತ್ತಿದ್ದರು. ಆಕೆ ನನ್ನನ್ನು ಅಣ್ಣಾ ಅಂದರು ಎಂದಾಗ ತಲೆ ಎತ್ತಿದರು.

"ಎಷ್ಟು ನಿಮಿಷ ವ್ಯತ್ಯಾಸ?"

"ಏಳು."

"ಏಳು ನಿಮಿಷದಲ್ಲಿ ಉಳೀತಿದ್ಲಾ?"

"ಡಾಕ್ಟ್ರು ಹೇಳಕ್ಕಾಗಲ್ಲ ಅಂದ್ರು. ನನಗೂ ಗೊತ್ತಿಲ್ಲ."

ಕೈಯಲ್ಲಿದ್ದ ಚಕ್ರವನ್ನು ಮೇಜಿನ ಬಟ್ಟೆಯ ಮೇಲೆ ಇಟ್ಟರು. ಆಮೇಲೆ ಕೇಳಿದರು, "ಸೇತುವೆ ರಸ್ತೆಗೆ ಬಂದ್ಮೇಲೆ ಕೂಗಲಿಲ್ವಾ?"

"ಇಲ್ಲ. ಈಗ ಪರವಾಗಿಲ್ಲ ಅಂದ್ರು. ಅದೇ ಕೊನೇದು."

"ಈಗ ಪರವಾಗಿಲ್ಲ," ಎಂದು ಅವರೂ ಅಂದರು. ನನಗಲ್ಲ. ಆಕೆ ಅದನ್ನು ಹೇಗೆ ಹೇಳಿರಬಹುದು ಎಂದು ತಾವೇ ಹೇಳಿ ನೋಡಿದ ಹಾಗಿತ್ತು. ಇನ್ನೊಂದು ಸಲವೂ ಅಂದರು. ಎದ್ದು ಹೋಗಿ ಕಿಟಕಿಯ ಬಳಿ ನನಗೆ ಬೆನ್ನು ಹಾಕಿ ನಿಂತರು.

"ನಾನಾಗಿದ್ರೆ ಹಳೇ ರಸ್ತೇಲೇ ಹೋಗ್ತಿದ್ದೆ. ಅವಳು ಎಷ್ಟೇ ಕೂಗಿದ್ರೂ."

ಹೌದು ಎಂದೆ.

"ಆದ್ರೆ ನಾನಿರ್ಲಿಲ್ಲ" ಅಂದರು. ತಿರುಗದೆಯೇ, "ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಇನ್ನು ಬರಬೇಡಿ."

ಬಾಗಿಲನ್ನು ನಾನೇ ಎಳೆದುಕೊಂಡು ಬಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಕೈ ಹಿಡಿದುಕೊಳ್ಳುತ್ತಾರೆ ಎಂದು. ಎರಡೂ ಆಗಲಿಲ್ಲ. ಮೆಟ್ಟಿಲು ಇಳಿಯುವಾಗ ನನಗೆ ಹಗುರವೂ ಅನ್ನಿಸಲಿಲ್ಲ, ಭಾರವೂ ಅನ್ನಿಸಲಿಲ್ಲ.

ಬಸ್ ನಿಲ್ದಾಣದಲ್ಲಿ ಕಬ್ಬಿಣದ ಬೆಂಚು. ಕೂತ ಕೂಡಲೇ ಚುರುಕ್ಕೆಂದಿತು. ಏನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಚಳಿ. ಗಾಳಿ ಬೀಸುತ್ತಿತ್ತು, ಎಲ್ಲರೂ ಸ್ವೆಟರ್ ಹಾಕಿದ್ದರು, ನಾನೊಬ್ಬ ಅಂಗಿಯಲ್ಲಿ ಬಂದಿದ್ದೆ. ಹೋದ ಚಳಿಗಾಲ ಹೇಗೆ ಕಳೆಯಿತೋ ನೆನಪಿಲ್ಲ ನನಗೆ. ಈಗ ಹಲ್ಲು ಕಟಕಟ ಅನ್ನತೊಡಗಿತು, ಆಮೇಲೆ ಮೈಯೆಲ್ಲ ನಡುಗಿತು, ಹಾಗೇ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಸರಿಸಿ ಗಾಳಿಗೆ ಅಡ್ಡವಾಗಿ ಕೂತಳು.

ಮೊದಲ ಬಸ್ಸು ಹೋಗಲು ಬಿಟ್ಟೆ. ಎರಡನೆಯದಕ್ಕೆ ಹತ್ತಿದೆ.

ಅಪ್ಪ